ಮಾತ್ರೆಯ ಬಗ್ಗೆ ನೆಟ್‌ನಲ್ಲಿ ಯಾರನ್ನು ಕೇಳೋಣ?

"ಅಮ್ಮ ಶುಗರ್‌ಗೆ ಗ್ಲೈಕೊಮೆಟ್ ಜಿಪಿ ತಗೋತಾರೆ. ಏಕಾದಶಿ ಉಪವಾಸ ಬಿಡಲ್ಲ ಅಂತಾರೆ. ಅವತ್ತು ಮಾತ್ರೆ ಕೊಡಬೇಕಾ, ಬೇಡವಾ?"

ಇಂಥ ಪ್ರಶ್ನೆ ಹಿಡಿದುಕೊಂಡು ನೆಟ್‌ನಲ್ಲಿ ಹುಡುಕಲು ಕೂತವರ ಪಾಡು ನೋಡಿ. ಒಂದು ಕಡೆ ಕೊಡಿ ಅಂತ ಇರುತ್ತದೆ. ಇನ್ನೊಂದು ಕಡೆ ಕೊಡಬೇಡಿ ಅಂತ ಇರುತ್ತದೆ. ಯೂಟ್ಯೂಬ್‌ನಲ್ಲಿ ಒಬ್ಬರು ಮಾತ್ರೆಯನ್ನೇ ಬಿಟ್ಟು ಮೆಂತ್ಯದ ನೀರು ಕುಡಿಯಿರಿ ಅನ್ನುತ್ತಾರೆ. ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಹತ್ತು ಜನ ಹತ್ತು ಮಾತು. ಈಗ ಎಐ ಚಾಟ್‌ಬಾಟ್ ಬೇರೆ ಸೇರಿಕೊಂಡಿದೆ. ಯಾವುದನ್ನು ನಂಬೋಣ ಅಂತ ಹಲವರು ಕೇಳುತ್ತಾರೆ. ಅದಕ್ಕೇ ಈ ಹೋಲಿಕೆ. ಏಕಾದಶಿಯ ಇದೇ ಪ್ರಶ್ನೆಯನ್ನು ಇಟ್ಟುಕೊಂಡು ಒಂದೊಂದು ದಾರಿಯನ್ನೂ ನೋಡೋಣ.

ಅದಕ್ಕೂ ಮುಂಚೆ ಒಂದು ಮಾತು. ಔಷಧಿಯ ಪ್ರಶ್ನೆಗಳಲ್ಲಿ ಎರಡು ಬಗೆ ಇವೆ. ಕೆಲವು ಮಾತ್ರೆಯ ಬಗ್ಗೆ: ಇದರೊಳಗೆ ಏನಿದೆ, ಯಾವುದಕ್ಕೆ ಕೊಡುತ್ತಾರೆ, ಊಟಕ್ಕೆ ಮುಂಚೆಯೋ ಆಮೇಲೋ, ಸಾಮಾನ್ಯವಾಗಿ ಏನು ತೊಂದರೆ ಬರಬಹುದು. ಇನ್ನು ಕೆಲವು ಅದನ್ನು ತಗೊಳ್ಳುವವರ ಬಗ್ಗೆ: ನಮ್ಮ ಅಮ್ಮನ ಕಿಡ್ನಿಗೆ ಇದು ಆಗುತ್ತಾ, ಡೋಸ್ ಇಳಿಸಲಾ, ನಿಲ್ಲಿಸಲಾ. ಮೊದಲನೇ ಬಗೆಗೆ ನೆಟ್‌ನಲ್ಲಿ ಒಳ್ಳೆಯ ಉತ್ತರ ಪುಕ್ಕಟೆ ಸಿಗುತ್ತದೆ. ಎರಡನೇ ಬಗೆಗೆ ಯಾವ ವೆಬ್‌ಸೈಟೂ ಉತ್ತರ ಕೊಡಲಾರದು. ಅಮ್ಮನ ರಕ್ತಪರೀಕ್ಷೆಯ ರಿಪೋರ್ಟ್ ಅದು ನೋಡಿಲ್ಲ. ಮಾತ್ರೆಯ ವಿಷಯದಲ್ಲಿ ನೆಟ್‌ನಿಂದ ಆಗುವ ಅನಾಹುತಗಳಲ್ಲಿ ಬಹಳಷ್ಟು ಹುಟ್ಟುವುದು ಎರಡನೇ ಬಗೆಯ ಪ್ರಶ್ನೆಯನ್ನು ಮೊದಲನೇ ಬಗೆಯ ಜಾಗದಲ್ಲಿ ಕೇಳುವುದರಿಂದ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಯಾವುದರಿಂದ ಅಳೆಯೋಣ?

ಬರೆದವರು ಯಾರು, ಅವರಿಗೆ ದುಡ್ಡು ಎಲ್ಲಿಂದ ಬರುತ್ತದೆ ಅನ್ನುವುದು ಮೊದಲ ಅಳತೆ. ಮಾತ್ರೆಯನ್ನೇ ಮಾರುವವರು ಬರೆದಿದ್ದು ಸುಳ್ಳಾಗಬೇಕಾಗಿಲ್ಲ. ಆದರೆ ಮಾರುವವರು ಅನ್ನುವುದು ನಮ್ಮ ತಲೆಯಲ್ಲಿ ಇರಬೇಕು.

ಎರಡನೆಯದು ತಾರೀಖು. ಔಷಧಿಯ ಮಾತು ಬದಲಾಗುತ್ತಲೇ ಇರುತ್ತದೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಒಂದೇ ಸಲಕ್ಕೆ 156 ಮಿಶ್ರ ಔಷಧಿಗಳನ್ನು (ಒಂದರಲ್ಲೇ ಎರಡು ಮೂರು ಔಷಧಿ ಸೇರಿಸಿದ್ದು) ನಿಷೇಧ ಮಾಡಿತು. ಅದಕ್ಕೂ ಹಳೆಯ ವಿಡಿಯೊದಲ್ಲಿ ಅಂಥ ಒಂದು ಮಾತ್ರೆಯನ್ನು ಯಾರಾದರೂ ಹೊಗಳಿದ್ದರೆ, ಆ ವಿಡಿಯೊ ಇವತ್ತಿಗೂ ಹಾಗೇ ಓಡುತ್ತಿರುತ್ತದೆ.

ಮೂರನೆಯದು ದೇಶ. ಎದೆಯುರಿ, ಗ್ಯಾಸ್ಟ್ರಿಕ್‌ಗೆ ಕೊಡುತ್ತಿದ್ದ ರ‍್ಯಾನಿಟಿಡಿನ್ ಗೊತ್ತಲ್ವಾ? ಅದನ್ನು ಮಾರುಕಟ್ಟೆಯಿಂದ ವಾಪಸ್ ತೆಗೆಯಿರಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಏಪ್ರಿಲ್‌ನಲ್ಲಿ ಕಂಪನಿಗಳಿಗೆ ಹೇಳಿತು. ನಮ್ಮಲ್ಲಿ 2022ರಲ್ಲಿ ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಿಂದ ಅದನ್ನು ಕೈಬಿಟ್ಟರು, ಮಾರಾಟ ಮಾತ್ರ ನಿಲ್ಲಲಿಲ್ಲ. ಅಮೆರಿಕದ ಪುಟ ಓದಿ ಗಾಬರಿಯಾಗುವುದೂ ಸರಿಯಲ್ಲ, ಅಂಗಡಿಯಲ್ಲಿ ಸಿಗುತ್ತಲ್ಲ ಅಂತ ಸುಮ್ನಿರುವುದೂ ಸರಿಯಲ್ಲ. ಬೇರೆ ಮಾತ್ರೆ ಇದೆಯಾ ಅಂತ ಡಾಕ್ಟರನ್ನು ಕೇಳುವುದೇ ಸರಿ.

ಇವುಗಳ ಜೊತೆಗೆ ಇನ್ನೂ ಕೆಲವು ನೋಡಬೇಕು. ಕನ್ನಡದಲ್ಲಿ ಸಿಗುತ್ತಾ? ದುಡ್ಡು ಕೇಳುತ್ತಾ? ನಮ್ಮ ಕಾಯಿಲೆಯ ವಿಷಯ ಬೇರೆಯವರ ಕೈಗೆ ಹೋಗುತ್ತಾ? "ಇಷ್ಟು ನನಗೆ ಗೊತ್ತು, ಇದಕ್ಕಿಂತ ಮುಂದೆ ಡಾಕ್ಟರನ್ನು ಕೇಳಿ" ಅಂತ ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲುತ್ತಾ? ಈ ಕೊನೆಯದಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಎಲ್ಲದಕ್ಕೂ ಖಚಿತವಾಗಿ ಉತ್ತರ ಕೊಡುವ ಜಾಗವನ್ನು ಮೊದಲು ಅನುಮಾನದಿಂದ ನೋಡಿ.

ಹುಡುಕುವ ಮೊದಲು ಕೈಯಲ್ಲಿರುವ ಪಟ್ಟಿ

ಯಾವ ದಾರಿ ಹಿಡಿದರೂ ಮೊದಲ ಕೆಲಸ ಒಂದೇ. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಹಿಂದೆ ಓದಿ. ಮುಂದೆ ದೊಡ್ಡದಾಗಿ ಇರುವುದು ಕಂಪನಿ ಇಟ್ಟ ಹೆಸರು. ಚಿಕ್ಕ ಅಕ್ಷರದಲ್ಲಿ ಇರುವುದು ಒಳಗಿರುವ ಔಷಧಿಯ ಹೆಸರು, ಮೆಡಿಕಲ್ ಶಾಪ್‌ನವರು ಕಂಟೆಂಟ್ ಅನ್ನುವುದು. ನೆಟ್‌ನಲ್ಲಿ ಹುಡುಕಬೇಕಾದ್ದು ಇದನ್ನು.

ಗ್ಲೈಕೊಮೆಟ್ ಅಂದರೆ ಮೆಟ್‌ಫಾರ್ಮಿನ್ ಒಂದೇ. ಗ್ಲೈಕೊಮೆಟ್ ಜಿಪಿ ಅಂದರೆ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್. ಹೆಸರಿನಲ್ಲಿ ಎರಡು ಅಕ್ಷರದ ವ್ಯತ್ಯಾಸ. ಉಪವಾಸದ ದಿನಕ್ಕೆ ಅದು ಬಹಳ ದೊಡ್ಡ ವ್ಯತ್ಯಾಸ. ಮೆಟ್‌ಫಾರ್ಮಿನ್ ಒಂದೇ ತಗೊಂಡರೆ ಶುಗರ್ ತೀರಾ ಕೆಳಗಿಳಿಯುವುದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ದೇಹದಿಂದ ಇನ್ಸುಲಿನ್ ಹೆಚ್ಚು ಹೊರಡಿಸುತ್ತದೆ. ಹೊಟ್ಟೆ ಖಾಲಿ ಇದ್ದರೆ ಶುಗರ್ ಕುಸಿಯಬಹುದು. ಮೈ ನಡುಗುವುದು, ಬೆವರುವುದು, ಎದೆ ಹೊಡೆದುಕೊಳ್ಳುವುದು, ಮಾತು ತಡವರಿಸುವುದು ಅದರ ಗುರುತು. ಅಂಥ ಹೊತ್ತಲ್ಲಿ ಎಚ್ಚರ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ. ಉಪವಾಸ ಅಂತ ನೋಡಬೇಡಿ. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ 108ಕ್ಕೆ ಫೋನ್ ಮಾಡಿ.

ಬಿಪಿ ಮಾತ್ರೆಯಲ್ಲೂ ಹೀಗೇ. ಟೆಲ್ಮಾ ಬೇರೆ, ಟೆಲ್ಮಾ ಎಚ್ ಬೇರೆ, ಟೆಲ್ಮಾ ಎಎಂ ಬೇರೆ. ಎಚ್ ಅಂದರೆ ಜೊತೆಗೆ ಮೂತ್ರ ಹೆಚ್ಚಿಸುವ ಔಷಧಿ, ಎಎಂ ಅಂದರೆ ಜೊತೆಗೆ ಆಮ್ಲೊಡಿಪಿನ್. ಪಕ್ಕದ ಮನೆಯವರದೂ ಟೆಲ್ಮಾನೇ ಅಂತ ಅವರ ಅನುಭವವನ್ನು ನಿಮ್ಮದಕ್ಕೆ ಹಚ್ಚಿಕೊಳ್ಳಬೇಡಿ.

ಇನ್ನು ಡಬ್ಬಿಯ ಮೇಲಿನ ಕ್ಯೂಆರ್ ಕೋಡ್. 2023ರ ಆಗಸ್ಟ್ 1ರಿಂದ ತಯಾರಾದ, ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಅದು ಕಡ್ಡಾಯ. ಡೋಲೊ, ಕ್ಯಾಲ್ಪಾಲ್, ಶೆಲ್ಕಾಲ್ ಎಲ್ಲ ಅದರಲ್ಲಿವೆ. ಸ್ಕ್ಯಾನ್ ಮಾಡಿದರೆ ಕಂಪನಿ, ಬ್ಯಾಚ್ ನಂಬರ್, ತಯಾರಾದ ದಿನ, ಮುಗಿಯುವ ದಿನ, ಲೈಸೆನ್ಸ್ ನಂಬರ್ ಬರುತ್ತದೆ. ಇದು ಅಸಲಿಯಾ ಅಂತ ನೋಡಲು ಒಳ್ಳೆಯ ದಾರಿ. ಹೇಗೆ ತಗೋಬೇಕು ಅಂತ ಅದು ಹೇಳುವುದಿಲ್ಲ.

ಡಬ್ಬಿಯೊಳಗೆ ಮಡಚಿಟ್ಟ ಕಾಗದವನ್ನೂ ಹೇಳಿಬಿಡುತ್ತೇನೆ. ನಮ್ಮ ದೇಶದಲ್ಲಿ ಅದರಲ್ಲಿ ಬಹಳಷ್ಟು ಬರೆದಿರುವುದು ಡಾಕ್ಟರಿಗಾಗಿ. ಅಕ್ಷರ ಸಣ್ಣ, ಭಾಷೆ ಕಷ್ಟ. ಅದನ್ನು ಓದಿ ಹೆದರಿ ಮಾತ್ರೆ ಬಿಟ್ಟವರು ಬೇಕಾದಷ್ಟು ಜನ ಇದ್ದಾರೆ.

ಸರ್ಕಾರಿ ಮಾಹಿತಿ ಪುಟಗಳು: ಮೆಡ್‌ಲೈನ್‌ಪ್ಲಸ್, ಎನ್‌ಎಚ್‌ಎಸ್

ಮಾತ್ರೆಯ ಬಗ್ಗೆ ಮಾತ್ರ ತಿಳಿಯಬೇಕು ಅಂದರೆ ನನ್ನ ಮೊದಲ ಆಯ್ಕೆ ಇವೇ. ಮೆಡ್‌ಲೈನ್‌ಪ್ಲಸ್ ನಡೆಸುವುದು ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯ. ಎನ್‌ಎಚ್‌ಎಸ್ ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ. ಎರಡರಲ್ಲೂ ಜಾಹೀರಾತು ಇಲ್ಲ, ಮಾರಾಟ ಇಲ್ಲ, ಪುಟವನ್ನು ಕೊನೆಯ ಸಲ ಯಾವಾಗ ನೋಡಿ ತಿದ್ದಿದರು ಅಂತ ತಾರೀಖು ಇರುತ್ತದೆ.

ಎನ್‌ಎಚ್‌ಎಸ್‌ನ ಇಂಗ್ಲಿಷ್ ತುಂಬ ಸರಳ. ಯಾರು ತಗೋಬಾರದು, ಯಾವಾಗ ತಗೋಬೇಕು, ಒಂದು ಡೋಸ್ ಮರೆತರೆ ಏನು ಮಾಡಬೇಕು, ಬಸುರಿಯರಿಗೆ ಆಗುತ್ತಾ, ಬೇರೆ ಔಷಧಿ ಜೊತೆ ಹೊಂದುತ್ತಾ ಅಂತ ಬೇರೆ ಬೇರೆ ಮಾಡಿ ಹೇಳುತ್ತಾರೆ. ಮೆಡ್‌ಲೈನ್‌ಪ್ಲಸ್‌ನಲ್ಲಿ ಔಷಧಿಗಳ ಸಂಖ್ಯೆ ಜಾಸ್ತಿ, ಪುಟವೂ ಉದ್ದ.

ಏಕಾದಶಿ ಪ್ರಶ್ನೆಗೆ ಇಲ್ಲಿ ಏನು ಸಿಗುತ್ತದೆ? ಗ್ಲಿಮೆಪಿರೈಡ್ ಅಂತ ಹುಡುಕಿದರೆ ಇದನ್ನು ಬೆಳಗಿನ ತಿಂಡಿಯ ಜೊತೆ ಅಥವಾ ದಿನದ ಮೊದಲ ದೊಡ್ಡ ಊಟದ ಜೊತೆ ತಗೋಬೇಕು, ಶುಗರ್ ಇಳಿಯಬಹುದು ಅಂತ ಸಿಗುತ್ತದೆ. ಅಷ್ಟಕ್ಕೇ ಅರ್ಧ ಉತ್ತರ ಸಿಕ್ಕಿತು: ಖಾಲಿ ಹೊಟ್ಟೆಗೆ ಕೊಟ್ಟರೆ ಅಪಾಯ ಇರುವುದು ನಿಜ. ಅಮ್ಮನಿಗೆ ಅವತ್ತು ಎಷ್ಟು ಕೊಡಬೇಕು ಅನ್ನುವ ಉಳಿದರ್ಧ ಇಲ್ಲಿ ಸಿಗುವುದಿಲ್ಲ. ಸಿಗಲೂಬಾರದು.

ಕೊರತೆಗಳೂ ಇವೆ. ಓದಲು ಇಂಗ್ಲಿಷ್ ಬೇಕು. ನಮ್ಮ ಬ್ರ್ಯಾಂಡ್ ಹೆಸರು ಹಾಕಿದರೆ ಏನೂ ಬರುವುದಿಲ್ಲ. ನಮ್ಮಲ್ಲಿ ಒಂದೇ ಮಾತ್ರೆಯಲ್ಲಿ ಎರಡು ಮೂರು ಔಷಧಿ ಸೇರಿಸಿ ಮಾರುವುದು ಜಾಸ್ತಿ. ಅಂಥದ್ದಕ್ಕೆ ಒಳಗಿನ ಒಂದೊಂದನ್ನೂ ಬೇರೆ ಬೇರೆ ಹುಡುಕಬೇಕು. ಕೆಲವಕ್ಕೆ ಅಲ್ಲಿ ಹೆಸರೇ ಬೇರೆ. ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸಿಟಾಮಿನೊಫೆನ್. ನೆಬ್ಯುಲೈಸರ್‌ಗೆ, ಇನ್‌ಹೇಲರ್‌ಗೆ ಬಳಸುವ ಸಾಲ್ಬ್ಯುಟಮಾಲ್ ಅಲ್ಲಿ ಆಲ್ಬ್ಯುಟೆರಾಲ್. ಅಲ್ಲಿ ಬಳಕೆಯಲ್ಲೇ ಇಲ್ಲದ ಔಷಧಿಗಳೂ ಇವೆ. ಜ್ವರ, ಮೈಕೈ ನೋವಿಗೆ ನಮ್ಮಲ್ಲಿ ಸಲೀಸಾಗಿ ಸಿಗುವ ನಿಮೆಸುಲೈಡ್‌ಗೆ ಅಮೆರಿಕದಲ್ಲಿ ಅನುಮತಿಯೇ ಇಲ್ಲ. ನಮ್ಮಲ್ಲೂ 12 ವರ್ಷದೊಳಗಿನ ಮಕ್ಕಳಿಗೆ ಕೊಡುವುದು 2011ರಿಂದ ನಿಷೇಧ.

ಆನ್‌ಲೈನ್ ಮೆಡಿಕಲ್ ಶಾಪ್‌ಗಳು

ಟಾಟಾ 1ಎಂಜಿ, ಅಪೊಲೊ, ಫಾರ್ಮ್‌ಈಸಿ, ನೆಟ್‌ಮೆಡ್ಸ್ ಇಂಥವು. ಮೇಲೆ ಹೇಳಿದ ಕೊರತೆಯನ್ನು ತುಂಬುವುದು ಇವೇ. ನಮ್ಮ ಬ್ರ್ಯಾಂಡ್ ಹೆಸರು ಹಾಕಿದರೆ ಒಳಗೇನಿದೆ ಅಂತ ತಕ್ಷಣ ತೋರಿಸುತ್ತವೆ. ಪಟ್ಟಿ ಹರಿದು ಅರ್ಧ ಹೆಸರು ಉಳಿದಾಗ ಇದು ತುಂಬ ಉಪಯೋಗ. ಅದೇ ಕಂಟೆಂಟ್‌ನ ಬೇರೆ ಬ್ರ್ಯಾಂಡ್‌ಗಳೂ ಅವುಗಳ ಬೆಲೆಯೂ ಕಾಣುತ್ತವೆ. ಬಸುರಿಯರು, ಕಿಡ್ನಿ ತೊಂದರೆ ಇದ್ದವರು, ಮದ್ಯ ಕುಡಿಯುವವರು ಏನು ಎಚ್ಚರ ವಹಿಸಬೇಕು ಅಂತಲೂ ಚಿಕ್ಕದಾಗಿ ಬರೆದಿರುತ್ತಾರೆ.

ಆದರೆ ಇದು ಅಂಗಡಿ. ಪುಟದ ಪಕ್ಕದಲ್ಲೇ ಪ್ರೋಟೀನ್ ಪುಡಿ, ವಿಟಮಿನ್, ಶುಗರ್‌ಗೆ ಅಂತ ಒಂದು ಕಷಾಯ ಕಾಣಿಸುತ್ತದೆ. ಅದು ಸಲಹೆ ಅಲ್ಲ, ಜಾಹೀರಾತು. ಇನ್ನು ಬದಲಿ ಬ್ರ್ಯಾಂಡ್ ಅಗ್ಗ ಅಂತ ಕಂಡ ತಕ್ಷಣ ಬದಲಾಯಿಸಿಕೊಳ್ಳುವುದು ಎಲ್ಲ ಮಾತ್ರೆಗೂ ಸರಿಹೋಗುವುದಿಲ್ಲ. ಥೈರಾಯ್ಡ್ ಮಾತ್ರೆ, ಮೂರ್ಛೆರೋಗದ ಮಾತ್ರೆ, ರಕ್ತ ತೆಳುವಾಗಿಸುವ ವಾರ್ಫರಿನ್ ಇವುಗಳಲ್ಲಿ ಬ್ರ್ಯಾಂಡ್ ಬದಲಾಯಿಸುವ ಮುಂಚೆ ಡಾಕ್ಟರಿಗೆ ಹೇಳಲೇಬೇಕು. ಥೈರಾಯ್ಡ್ ಮಾತ್ರೆ ಬದಲಾದರೆ ಆರರಿಂದ ಎಂಟು ವಾರಕ್ಕೆ ಥೈರಾಯ್ಡ್ ಹೇಗಿದೆ ಅಂತ ನೋಡುವ ಟಿಎಸ್‌ಎಚ್ ಪರೀಕ್ಷೆ ಮಾಡಿಸಬೇಕಾಗುತ್ತದೆ.

ದುಡ್ಡಿನದೇ ಚಿಂತೆ ಆದರೆ ಸರ್ಕಾರದ ಎರಡು ಆ್ಯಪ್ ಇವೆ. ಜನೌಷಧಿ ಸುಗಮ್ ಆ್ಯಪ್‌ನಲ್ಲಿ ಹತ್ತಿರದ ಜನೌಷಧಿ ಕೇಂದ್ರ ಎಲ್ಲಿದೆ, ನಿಮ್ಮ ಔಷಧಿ ಅವರ ಪಟ್ಟಿಯಲ್ಲಿ ಇದೆಯಾ, ಬೆಲೆ ಎಷ್ಟು ಅಂತ ನೋಡಬಹುದು. ದಿನಾ ತಗೊಳ್ಳುವ ಶುಗರ್, ಬಿಪಿ ಮಾತ್ರೆಗಳಲ್ಲಿ ಬಹಳಷ್ಟು ಬ್ರ್ಯಾಂಡ್‌ನ ಅರ್ಧಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತವೆ. ಔಷಧ ಬೆಲೆ ಪ್ರಾಧಿಕಾರದ ಫಾರ್ಮಾ ಸಹಿ ದಾಮ್ ಬೆಲೆ ಹೋಲಿಸಲು. ಎರಡೂ ಬೆಲೆಗೆ ಮಾತ್ರ, ಸಲಹೆಗಲ್ಲ.

ಯೂಟ್ಯೂಬ್, ವಾಟ್ಸಾಪ್, ಚಾಟ್‌ಬಾಟ್

ಕನ್ನಡದಲ್ಲಿ ಬೇಕು ಅಂದರೆ ಮೊದಲು ಸಿಗುವುದು ಯೂಟ್ಯೂಬ್. ಒಳ್ಳೆಯ ಡಾಕ್ಟರುಗಳು ಕನ್ನಡದಲ್ಲಿ ಚೆನ್ನಾಗಿ ಹೇಳುತ್ತಾರೆ. ಒಂದು ವಿಷಯದಲ್ಲಂತೂ ವಿಡಿಯೊವನ್ನು ಮೀರಿಸಿದ್ದಿಲ್ಲ: ಕೈಯಿಂದ ಮಾಡುವ ಕೆಲಸ. ಇನ್‌ಹೇಲರ್ ಹೇಗೆ ಎಳೆಯಬೇಕು, ಇನ್ಸುಲಿನ್ ಪೆನ್ ಹೇಗೆ ಹಿಡಿಯಬೇಕು, ಕಣ್ಣಿಗೆ ಹನಿ ಹೇಗೆ ಬಿಡಬೇಕು ಇವೆಲ್ಲ ಓದಿದರೆ ಅರ್ಥವಾಗುವುದಿಲ್ಲ, ನೋಡಬೇಕು. ಇನ್‌ಹೇಲರ್ ಇದ್ದೂ ದಮ್ಮು ಕಡಿಮೆಯಾಗದವರಲ್ಲಿ ಎಷ್ಟೋ ಜನ ಅದನ್ನು ಎಳೆಯುವ ಕ್ರಮದಲ್ಲೇ ತಪ್ಪಿರುತ್ತಾರೆ.

ಮಾತನಾಡುವವರು ಎಂಬಿಬಿಎಸ್ ಆಗಿದ್ದಾರಾ ಅಂತ ನೋಡುವುದು ಕಷ್ಟವಲ್ಲ. ನೋಂದಾಯಿತ ಡಾಕ್ಟರುಗಳ ಪಟ್ಟಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲೇ ಇದೆ. ವಿಡಿಯೊದ ಕೊನೆಯಲ್ಲಿ ಅವರದೇ ಪುಡಿ, ಅವರದೇ ಕಿಟ್ ಮಾರುತ್ತಿದ್ದರೆ ಅಲ್ಲಿಗೆ ಬಿಡಿ. ಶುಗರ್, ಬಿಪಿ, ಮೂರ್ಛೆರೋಗ, ಕ್ಯಾನ್ಸರ್ ವಾಸಿ ಮಾಡುತ್ತೇವೆ ಅಂತ ಜಾಹೀರಾತು ಕೊಡುವುದು 1954ರ ಕಾನೂನಿನ ಪ್ರಕಾರವೇ ಅಪರಾಧ. "ಮಾತ್ರೆ ನಿಲ್ಲಿಸಿ, ಇದನ್ನು ಕುಡಿಯಿರಿ" ಅನ್ನುವ ಯಾರ ಮಾತನ್ನೂ ಕೇಳಬೇಡಿ. ಟೈಪ್ ಒಂದು ಮಧುಮೇಹ ಇರುವ ಮಗುವಿನ ಇನ್ಸುಲಿನ್ ನಿಂತರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ.

ವಾಟ್ಸಾಪ್‌ನಲ್ಲಿ ಬರುವ ಎಚ್ಚರಿಕೆಗಳಲ್ಲಿ ಅರ್ಧ ನಿಜ ಇರುತ್ತದೆ, ಅದೇ ಕಷ್ಟ. 2023ರ ಕೊನೆಗೆ ಭಾರತೀಯ ಔಷಧ ಸಂಹಿತೆ ಆಯೋಗ ಮೆಫೆನಮಿಕ್ ಆಸಿಡ್ ಬಗ್ಗೆ ಒಂದು ಎಚ್ಚರಿಕೆ ಹೊರಡಿಸಿತು. ಮುಟ್ಟಿನ ಹೊಟ್ಟೆನೋವಿಗೆ ತಗೊಳ್ಳುವ ಮೆಫ್ಟಾಲ್‌ನಲ್ಲಿ ಇರುವುದು ಇದೇ. ಅಪರೂಪಕ್ಕೆ ಡ್ರೆಸ್ ಅನ್ನುವ ಗಂಭೀರ ಅಲರ್ಜಿ ಬರಬಹುದು, ಗಮನ ಇಡಿ ಅಂತ ಅದರಲ್ಲಿ ಇತ್ತು. ಫೋನಿನಿಂದ ಫೋನಿಗೆ ಹೋಗುವಾಗ "ಗಮನ ಇಡಿ" ಅನ್ನುವುದು ಬಿದ್ದುಹೋಗುತ್ತದೆ, ಹೆದರಿಕೆ ಮಾತ್ರ ಉಳಿಯುತ್ತದೆ. ಮೈಮೇಲೆ ದದ್ದು, ಜ್ವರ, ಮುಖ ಊದುವುದು ಕಂಡರೆ ಮಾತ್ರೆ ನಿಲ್ಲಿಸಿ ಡಾಕ್ಟರ ಹತ್ತಿರ ಹೋಗಬೇಕು ಅನ್ನುವುದು ಅದರಲ್ಲಿ ನಮಗೆ ಬೇಕಾದ ಮಾತು.

ಮತ್ತೊಂದು ಬಗೆಯ ಸುದ್ದಿಯನ್ನು ಮಾತ್ರ ಹಗುರವಾಗಿ ತೆಗೆದುಕೊಳ್ಳಬಾರದು. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಕೋಲ್ಡ್‌ರಿಫ್ ಕೆಮ್ಮಿನ ಸಿರಪ್ ಕುಡಿದ ಪುಟ್ಟ ಮಕ್ಕಳ ಕಿಡ್ನಿ ನಿಂತು ಪ್ರಾಣ ಹೋಯಿತು. ಎಸ್‌ಆರ್-13 ಅನ್ನುವ ಬ್ಯಾಚ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಸಿಕ್ಕಿತು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ಶೀತದ ಸಿರಪ್ ಬರೆದುಕೊಡಬೇಡಿ ಅಂತ ಕೇಂದ್ರ ಆರೋಗ್ಯ ಇಲಾಖೆ ಆ ಅಕ್ಟೋಬರ್‌ನಲ್ಲಿ ಹೇಳಿತು. ಐದರೊಳಗಿನವರಿಗೂ ಸಾಮಾನ್ಯವಾಗಿ ಬೇಡ ಅಂತ. ಇಂಥ ಸುದ್ದಿ ಬಂದಾಗ ಮೊದಲು ಕೇಳಬೇಕಾದ್ದು ಬ್ಯಾಚ್ ನಂಬರ್. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆ ಸಿಡಿಎಸ್‌ಸಿಒ ಗುಣಮಟ್ಟದ ಪರೀಕ್ಷೆಯಲ್ಲಿ ಸೋತ ಔಷಧಿಗಳ ಪಟ್ಟಿಯನ್ನು ಪ್ರತಿ ತಿಂಗಳು ಬ್ಯಾಚ್ ಸಮೇತ ಹಾಕುತ್ತದೆ. ಟಿವಿಯಲ್ಲಿ ಮಾತ್ರೆಯ ಹೆಸರು ಮಾತ್ರ ಓಡುತ್ತದೆ. ಅದರಿಂದ ಆ ಹೆಸರಿನ ಎಲ್ಲ ಮಾತ್ರೆಯೂ ಕೆಟ್ಟದ್ದು ಅಂತ ಜನ ತಿಳಿಯುತ್ತಾರೆ.

ಚಾಟ್‌ಬಾಟ್‌ಗೆ ಬರೋಣ. ಕನ್ನಡದಲ್ಲಿ ಕೇಳಿದರೆ ಕನ್ನಡದಲ್ಲೇ ಹೇಳುತ್ತದೆ, ದುಡ್ಡಿಲ್ಲ, ಮಧ್ಯರಾತ್ರಿಯಲ್ಲೂ ಸಿಗುತ್ತದೆ. ಎನ್‌ಎಚ್‌ಎಸ್ ಪುಟವನ್ನು ಕೊಟ್ಟು ಸುಲಭ ಕನ್ನಡದಲ್ಲಿ ಹೇಳು ಅಂದರೆ ಬಹಳ ಉಪಯೋಗ. ಡಾಕ್ಟರ ಹತ್ತಿರ ಏನೇನು ಕೇಳಬೇಕು ಅಂತ ಪ್ರಶ್ನೆ ಜೋಡಿಸಿಕೊಳ್ಳಲೂ ಒಳ್ಳೆಯದು. ಆದರೆ ತಪ್ಪನ್ನೂ ಸರಿಯಷ್ಟೇ ಧೈರ್ಯದಿಂದ ಹೇಳುತ್ತದೆ. ನಮ್ಮ ಬ್ರ್ಯಾಂಡ್ ಹೆಸರು ಕೇಳಿದರೆ ಹತ್ತಿರದ ಹೆಸರಿನ ಇನ್ನೊಂದು ಔಷಧಿಯ ವಿಷಯ ಹೇಳಿಬಿಡಬಹುದು. ಹಾಗಾಗಿ ಕಂಟೆಂಟ್ ಹೆಸರನ್ನೇ ಕೊಡಿ. ಎಲ್ಲಿಂದ ತಗೊಂಡೆ ಅಂತ ಕೇಳಿ, ಆ ಪುಟವನ್ನು ತೆರೆದು ನೋಡಿ. ಡೋಸ್ ಲೆಕ್ಕ ಮಾತ್ರ ಕೇಳಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ. ಹೆಸರು, ಆಧಾರ್, ಫೋನ್ ನಂಬರ್ ಇರುವ ರಿಪೋರ್ಟನ್ನು ಹಾಗೇ ಹಾಕಬೇಡಿ.

ಅದೇ ಕಾಯಿಲೆ ಇರುವವರ ಗುಂಪುಗಳು

ಇದರ ಬೆಲೆಯೇ ಬೇರೆ. ಮಾಹಿತಿಗಿಂತ ಜಾಸ್ತಿ ಇಲ್ಲಿ ಸಿಗುವುದು ಧೈರ್ಯ. ಮಗುವಿಗೆ ದಿನಾ ಇನ್ಸುಲಿನ್ ಚುಚ್ಚುವ ತಾಯಿಗೆ, ಮೊದಲ ಕೀಮೊ ಮುಗಿಸಿ ಬಂದವರಿಗೆ ಇನ್ನೊಬ್ಬರು "ನಮಗೂ ಹೀಗೇ ಆಗಿತ್ತು, ಎರಡು ವಾರಕ್ಕೆ ಸರಿಹೋಯಿತು" ಅಂದರೆ ಅದರ ತೂಕ ಯಾವ ಡಾಕ್ಟರ ಮಾತಿಗೂ ಬರುವುದಿಲ್ಲ. ಮೆಟ್‌ಫಾರ್ಮಿನ್ ಶುರುವಿಗೆ ಹೊಟ್ಟೆ ಕೆಡುತ್ತೆ, ಊಟದ ಜೊತೆ ತಗೊಂಡರೆ ವಾಸಿ ಅನ್ನುವಂಥ ದಿನಬಳಕೆಯ ಮಾತುಗಳೂ ಇಲ್ಲಿ ಬೇಗ ಸಿಗುತ್ತವೆ.

ಸೇರುವ ಮೊದಲು ನಡೆಸುವವರು ಯಾರು ಅಂತ ನೋಡಿ. ನೋಂದಣಿಯಾದ ಸಂಸ್ಥೆಯದ್ದಾದರೆ ಒಳ್ಳೆಯದು. ಹಿಮೊಫಿಲಿಯಾ (ರಕ್ತ ಸರಿಯಾಗಿ ಹೆಪ್ಪುಗಟ್ಟದ ಕಾಯಿಲೆ) ಇರುವವರಿಗೆ ದಾವಣಗೆರೆಯಲ್ಲಿ ಕರ್ನಾಟಕ ಹಿಮೊಫಿಲಿಯಾ ಸೊಸೈಟಿ ಇದೆ. ಅಪರೂಪದ ಕಾಯಿಲೆಗಳಿಗೆ ಬೆಂಗಳೂರಿನ ಒಆರ್‌ಡಿಐ ಇದೆ. ಫೇಸ್‌ಬುಕ್ ಗುಂಪಾದರೆ ಒಂದು ವಾರ ಸುಮ್ನೆ ಓದಿ. ಯಾರಾದರೂ ತಪ್ಪು ಹೇಳಿದಾಗ ತಿದ್ದುವವರು ಇದ್ದಾರಾ? "ನನಗೆ ಇನ್‌ಬಾಕ್ಸ್ ಮಾಡಿ, ಔಷಧಿ ಕಳಿಸುತ್ತೇನೆ" ಅನ್ನುವವರನ್ನು ಹೊರಗೆ ಹಾಕುತ್ತಾರಾ? ಇಲ್ಲ ಅಂದರೆ ನೀವೇ ಹೊರಗೆ ಬನ್ನಿ.

ಡೋಸ್ ಮಾತ್ರ ಗುಂಪಿನಲ್ಲಿ ಕೇಳಬೇಡಿ, ಹೇಳಲೂಬೇಡಿ. ಏಕಾದಶಿ ಪ್ರಶ್ನೆ ಇಲ್ಲಿ ಹಾಕಿದರೆ "ನಮ್ಮ ಅತ್ತೆ ಅರ್ಧ ಮಾತ್ರೆ ತಗೋತಾರೆ, ಏನೂ ಆಗಿಲ್ಲ" ಅಂತ ಬರುತ್ತದೆ. ಅದು ಅವರ ಅತ್ತೆಯ ಉತ್ತರ. ಹೆಸರು, ಫೋಟೊ, ಊರು ಹಾಕಿ ಬರೆದಿದ್ದು ಕೆಲಸ ಕೊಡುವವರಿಗೋ ಸಂಬಂಧ ನೋಡಲು ಬರುವವರಿಗೋ ಕಾಣಬಹುದು ಅನ್ನುವುದೂ ನೆನಪಿರಲಿ. ಮನಸ್ಸಿನ ಕಾಯಿಲೆ, ಮೂರ್ಛೆರೋಗ ಇದ್ದವರನ್ನು ಈಗಲೂ ದೂರ ಇಡುವ ಜನ ನಮ್ಮ ನಡುವೆ ಇದ್ದಾರೆ. ಈ ಎಚ್ಚರ ಅಂಥ ಕಾಯಿಲೆ ಇದ್ದವರಿಗಾಗಿ.

ಮಾತನಾಡಲು ಒಬ್ಬ ಮನುಷ್ಯ ಬೇಕು ಅಂದರೆ

ಎರಡನೇ ಬಗೆಯ ಪ್ರಶ್ನೆಗೆ ಇರುವುದು ಇದೊಂದೇ ದಾರಿ. ಅದೃಷ್ಟಕ್ಕೆ ಪುಕ್ಕಟೆ ಸಿಗುವುದೂ ಇದೆ.

ಕರ್ನಾಟಕದಲ್ಲಿ 104ಕ್ಕೆ ಫೋನ್ ಮಾಡಿದರೆ ಆರೋಗ್ಯ ಸಹಾಯವಾಣಿ. ಕನ್ನಡದಲ್ಲೇ ಮಾತನಾಡಬಹುದು. ಸ್ಮಾರ್ಟ್‌ಫೋನ್ ಇಲ್ಲದ ಹಿರಿಯರಿಗೆ ಇದು ಎಲ್ಲಕ್ಕಿಂತ ಸುಲಭ. ಇ-ಸಂಜೀವಿನಿ ಕೇಂದ್ರ ಸರ್ಕಾರದ್ದು. ಮೊಬೈಲ್ ನಂಬರ್ ಹಾಕಿ, ಒಟಿಪಿ ಕೊಟ್ಟು ಒಳಗೆ ಹೋದರೆ ಡಾಕ್ಟರ ಜೊತೆ ವಿಡಿಯೊದಲ್ಲಿ ಮಾತಾಡಿ ಚೀಟಿಯನ್ನೂ ಪಡೆಯಬಹುದು. ದುಡ್ಡಿಲ್ಲ. ಆದರೆ ಕಾಯಬೇಕಾಗಬಹುದು, ಪ್ರತಿ ಸಲ ಅದೇ ಡಾಕ್ಟರು ಸಿಗುತ್ತಾರೆ ಅನ್ನುವ ಖಾತ್ರಿ ಇಲ್ಲ, ಹಳ್ಳಿಯ ಕಡೆ ನೆಟ್‌ವರ್ಕ್ ಕೈಕೊಡುತ್ತದೆ. ಖಾಸಗಿ ಆ್ಯಪ್‌ಗಳಲ್ಲಿ ಫೀಸು ಕೊಟ್ಟರೆ ಬೇಗ ಸಿಗುತ್ತಾರೆ, ತಜ್ಞರನ್ನೇ ಆರಿಸಿಕೊಳ್ಳಬಹುದು. ಎಲ್ಲೇ ಆಗಲಿ, 2020ರ ಮಾರ್ಚ್‌ನ ಟೆಲಿಮೆಡಿಸಿನ್ ನಿಯಮದ ಪ್ರಕಾರ ಡಾಕ್ಟರು ಚೀಟಿಯಲ್ಲಿ ತಮ್ಮ ನೋಂದಣಿ ಸಂಖ್ಯೆ ಹಾಕಬೇಕು. ಅದು ಇಲ್ಲದ ಚೀಟಿಯನ್ನು ಒಪ್ಪಬೇಡಿ.

ಮನಸ್ಸಿಗೆ ಸಂಬಂಧಿಸಿದ್ದಾದರೆ ಟೆಲಿ ಮಾನಸ್ ಸಹಾಯವಾಣಿ, ನಂಬರ್ 14416. 2022ರ ಅಕ್ಟೋಬರ್ 10ರಂದು ಶುರುವಾಯಿತು. ದೇಶಕ್ಕೆಲ್ಲ ಇದನ್ನು ಮುನ್ನಡೆಸುವುದು ನಮ್ಮ ಬೆಂಗಳೂರಿನ ನಿಮ್ಹಾನ್ಸ್. ದಿನದ 24 ಗಂಟೆಯೂ ಇದೆ, ಕನ್ನಡದಲ್ಲಿದೆ. ಖಿನ್ನತೆಯ ಮಾತ್ರೆ ಶುರು ಮಾಡಿ ಎರಡು ವಾರಕ್ಕೆ "ಏನೂ ಆಗಲಿಲ್ಲ" ಅಂತ ಬಿಡಲು ಹೊರಟವರು, ಅಥವಾ ಚೆನ್ನಾಗಿದ್ದೇನೆ ಅಂತ ಒಂದೇ ಸಲಕ್ಕೆ ನಿಲ್ಲಿಸಲು ಹೊರಟವರು ದಯವಿಟ್ಟು ಮೊದಲು ಇಲ್ಲಿಗೆ ಫೋನ್ ಮಾಡಿ. ಈ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಬೇಕು. ನಿಲ್ಲಿಸುವಾಗಲೂ ನಿಧಾನವಾಗಿ ಇಳಿಸಬೇಕು.

ನಾವು ಮರೆಯುವ ಇನ್ನೊಬ್ಬರು ಫಾರ್ಮಸಿಸ್ಟ್. ಮೆಡಿಕಲ್ ಶಾಪ್‌ನಲ್ಲಿ ಕೌಂಟರ್ ಮೇಲೆ ಮಾತ್ರೆ ಎಣಿಸಿಕೊಡುವ ಹುಡುಗ ಅಲ್ಲ, ಲೈಸೆನ್ಸ್‌ನಲ್ಲಿ ಹೆಸರಿರುವವರು. ಎರಡು ಔಷಧಿ ಒಟ್ಟಿಗೆ ತಗೋಬಹುದಾ, ಎಷ್ಟು ಹೊತ್ತು ಬಿಡಬೇಕು ಅನ್ನುವುದಕ್ಕೆ ಅವರ ಉತ್ತರ ಬಹಳ ಸಲ ಸಾಕಾಗುತ್ತದೆ. ಥೈರಾಯ್ಡ್ ಮಾತ್ರೆಯನ್ನೇ ನೋಡಿ. ಬೆಳಿಗ್ಗೆ ಖಾಲಿ ಹೊಟ್ಟೆಗೆ ನೀರಿನಲ್ಲಿ ನುಂಗಿ, ಅರ್ಧದಿಂದ ಒಂದು ಗಂಟೆ ಕಾಫಿ ಕೂಡ ಮುಟ್ಟಬಾರದು. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆ ಇದ್ದರೆ ನಾಲ್ಕು ಗಂಟೆ ಅಂತರ ಬೇಕು. ಇದನ್ನು ಯಾರೂ ಹೇಳದೆ ವರ್ಷಗಟ್ಟಲೆ ಮೂರನ್ನೂ ಒಟ್ಟಿಗೆ ನುಂಗುವವರಿದ್ದಾರೆ, ಟಿಎಸ್‌ಎಚ್ ಇಳಿಯುತ್ತಿಲ್ಲ ಅಂತ ಡೋಸ್ ಏರುತ್ತಲೇ ಹೋಗುತ್ತದೆ. ಇಂಥ ಪ್ರಶ್ನೆಗಳಿಗೆಂದೇ ಬೆಂಗಳೂರಿನ ವಿಜಯನಗರದಲ್ಲಿ ಕರ್ನಾಟಕ ರಾಜ್ಯ ಫಾರ್ಮಸಿ ಕೌನ್ಸಿಲ್‌ನವರು ಔಷಧ ಮಾಹಿತಿ ಕೇಂದ್ರ ನಡೆಸುತ್ತಾರೆ. ಮೈಸೂರಿನ ಜೆಎಸ್‌ಎಸ್ ಆಸ್ಪತ್ರೆಯಲ್ಲೂ ಕ್ಲಿನಿಕಲ್ ಫಾರ್ಮಸಿ ವಿಭಾಗ ಇದೆ.

ಯಾರು ಯಾವುದನ್ನು ಹಿಡಿಯಬೇಕು?

ಇಂಗ್ಲಿಷ್ ಓದಲು ಬರುತ್ತದೆ, ಮಾತ್ರೆ ಏನು ಅಂತ ತಿಳಿಯಬೇಕು, ಅಷ್ಟೇ: ಆನ್‌ಲೈನ್ ಮೆಡಿಕಲ್ ಶಾಪ್‌ನಲ್ಲಿ ಕಂಟೆಂಟ್ ನೋಡಿಕೊಂಡು ಎನ್‌ಎಚ್‌ಎಸ್ ಅಥವಾ ಮೆಡ್‌ಲೈನ್‌ಪ್ಲಸ್‌ನಲ್ಲಿ ಓದಿ. ಹತ್ತು ನಿಮಿಷದ ಕೆಲಸ. ಇಂಗ್ಲಿಷ್ ಕಷ್ಟ ಆದರೆ ಚಾಟ್‌ಬಾಟ್‌ಗಿಂತ ಮೊದಲು 104 ಅಥವಾ ನಿಮ್ಮ ಫಾರ್ಮಸಿಸ್ಟ್.

ಹಿರಿಯರಿಗೆ ನಾಲ್ಕೈದು ಮಾತ್ರೆ ನಡೆಯುತ್ತಿದ್ದರೆ ನೆಟ್‌ನಲ್ಲಿ ಒಂದೊಂದನ್ನೇ ಹುಡುಕುತ್ತಾ ಕೂರುವುದರಲ್ಲಿ ಅರ್ಥ ಇಲ್ಲ. ಎಲ್ಲ ಪಟ್ಟಿಗಳನ್ನೂ ಒಂದು ಕವರಿಗೆ ಹಾಕಿಕೊಂಡು, ಆಯುರ್ವೇದದ್ದು, ಮಂಡಿನೋವಿಗೆ ಅಂತ ಯಾರೋ ಕೊಟ್ಟಿದ್ದೂ ಸೇರಿಸಿಕೊಂಡು, ಒಬ್ಬ ಡಾಕ್ಟರಿಗೆ ತೋರಿಸಿ. ಬೇರೆ ಬೇರೆ ಡಾಕ್ಟರು ಬರೆದ ಎರಡು ಹೆಸರಿನೊಳಗೆ ಒಂದೇ ಔಷಧಿ ಇರುವುದು ಇಲ್ಲೇ ಸಿಕ್ಕಿಬೀಳುತ್ತದೆ. ಏಕಾದಶಿಯ ಅಮ್ಮನೂ ಇದೇ ಸಾಲಿನವರು. ಉಪವಾಸಕ್ಕೆ ಒಂದು ವಾರ ಮುಂಚೆ, ಗ್ಲೂಕೊಮೀಟರ್‌ನ ಅಂಕಿಗಳನ್ನೂ ಕಿಡ್ನಿ ಪರೀಕ್ಷೆಯ ರಿಪೋರ್ಟನ್ನೂ ಹಿಡಿದುಕೊಂಡು ಹೋಗಿ. "ಇದರಲ್ಲಿ ಗ್ಲಿಮೆಪಿರೈಡ್ ಇದೆ, ಅವತ್ತು ಹಣ್ಣು ಹಾಲು ಮಾತ್ರ ತಗೋತಾರೆ, ಏನು ಮಾಡಲಿ?" ಅಂತ ಕೇಳಿ. ಹೀಗೆ ಕೇಳಿದರೆ ಎರಡು ನಿಮಿಷದಲ್ಲಿ ಸರಿಯಾದ ಉತ್ತರ ಸಿಗುತ್ತದೆ. ನೆಟ್‌ನಲ್ಲಿ ಓದಿದ್ದು ಆ ಪ್ರಶ್ನೆಯನ್ನು ತಯಾರು ಮಾಡಲು ಉಪಯೋಗಕ್ಕೆ ಬಂತು.

ಬಸುರಿಯರು, ಹಾಲೂಡಿಸುವ ತಾಯಂದಿರು, ಪುಟ್ಟ ಮಕ್ಕಳು, ಕಿಡ್ನಿ ಲಿವರ್ ತೊಂದರೆ ಇರುವವರು: ನಿಮಗೆ ಯಾವ ಪುಟವೂ ಕೊನೆಯ ಮಾತಲ್ಲ. ನೇರವಾಗಿ ಡಾಕ್ಟರ ಹತ್ತಿರ.

ಹೊರದೇಶದಲ್ಲಿ ಇರುವ ಕನ್ನಡಿಗರು ಊರಿನಿಂದ ಬಂದ ಅಪ್ಪ ಅಮ್ಮನ ಮಾತ್ರೆಗಳ ಕಂಟೆಂಟ್ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಅಲ್ಲಿನ ಡಾಕ್ಟರಿಗೆ ಟೆಲ್ಮಾ ಅಂದರೆ ಗೊತ್ತಾಗುವುದಿಲ್ಲ, ಟೆಲ್ಮಿಸಾರ್ಟನ್ ಅಂದರೆ ಗೊತ್ತಾಗುತ್ತದೆ. ಜ್ವರಕ್ಕೆ ಊರಿನ ಡೋಲೊ ಕೊಟ್ಟು, ಅಲ್ಲಿನ ಟೈಲೆನಾಲ್ ಕೂಡ ಕೊಟ್ಟುಬಿಡಬೇಡಿ. ಎರಡರಲ್ಲೂ ಇರುವುದು ಒಂದೇ. ದೊಡ್ಡವರಿಗೆ 24 ಗಂಟೆಯಲ್ಲಿ ಪ್ಯಾರಾಸಿಟಮಾಲ್ ಎಲ್ಲ ಸೇರಿ 4 ಗ್ರಾಂ ದಾಟಬಾರದು. ಲಿವರ್ ತೊಂದರೆ ಇದ್ದರೆ, ತೂಕ ತೀರಾ ಕಡಿಮೆ ಇದ್ದರೆ ಅದಕ್ಕಿಂತಲೂ ಕಡಿಮೆ. ಶೀತದ ಮಾತ್ರೆಗಳಲ್ಲೂ ಇದು ಸೇರಿರುತ್ತದೆ, ಲೆಕ್ಕ ಹಾಕುವಾಗ ಬಿಟ್ಟುಹೋಗುವುದು ಅದೇ.

ಮಗು ಯಾರದೋ ಮಾತ್ರೆ ನುಂಗಿಬಿಟ್ಟರೆ, ಯಾರಾದರೂ ಡೋಸ್ ಮೀರಿ ತಗೊಂಡಿದ್ದರೆ ಹುಡುಕುತ್ತಾ ಕೂರಬೇಡಿ. ಮೈ ಹುಷಾರಾಗಿ ಕಂಡರೂ ಹೊರಡಿ. ಪ್ಯಾರಾಸಿಟಮಾಲ್ ಜಾಸ್ತಿಯಾದಾಗ ಮೊದಲ ದಿನ ಏನೂ ಗೊತ್ತಾಗದೆ ಆಮೇಲೆ ಲಿವರ್ ಕೆಡಬಹುದು. 108ಕ್ಕೆ ಫೋನ್ ಮಾಡಿ, ಖಾಲಿ ಪಟ್ಟಿಯನ್ನು ಜೊತೆಗೆ ತಗೊಂಡು ಆಸ್ಪತ್ರೆಗೆ ಹೋಗಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ನಂಬರ್ 1800-116-117. ಹಗಲು ರಾತ್ರಿ ಇರುತ್ತದೆ.

ಮಾತ್ರೆಯಿಂದ ನಿಮಗೇ ಏನಾದರೂ ತೊಂದರೆ ಆದರೆ ಅದನ್ನು ಗುಂಪಿನಲ್ಲಿ ಬರೆಯುವ ಮೊದಲು ಡಾಕ್ಟರಿಗೆ ಹೇಳಿ, ಆಮೇಲೆ 1800-180-3024ಕ್ಕೆ ಫೋನ್ ಮಾಡಿ. ಔಷಧಿಗಳ ಅಡ್ಡ ಪರಿಣಾಮ ದಾಖಲು ಮಾಡಿಕೊಳ್ಳುವ ರಾಷ್ಟ್ರೀಯ ಕಾರ್ಯಕ್ರಮದ ಉಚಿತ ನಂಬರ್ ಇದು, ಕೆಲಸದ ದಿನಗಳಲ್ಲಿ ಸಿಗುತ್ತದೆ. ಡಾಕ್ಟರೇ ಆಗಬೇಕಾಗಿಲ್ಲ, ಯಾರು ಬೇಕಾದರೂ ಹೇಳಬಹುದು. ಸಾರ್ವಜನಿಕರು ತುಂಬುವ ಅರ್ಜಿ ಕನ್ನಡದಲ್ಲೂ ಇದೆ. ಮೆಫ್ಟಾಲ್ ಬಗ್ಗೆ ಎಚ್ಚರಿಕೆ ಹೊರಟಿದ್ದೂ ಇದೇ ಕಾರ್ಯಕ್ರಮಕ್ಕೆ ಬಂದ ವರದಿಗಳನ್ನು ನೋಡಿಯೇ.